ಐದು ‘ರೈಟ್’ ನೋಡಿದ ಮೇಲೂ ಉಳಿಯುವ ಎರಡು ಪ್ರಶ್ನೆ

ಪ್ರಶ್ನೆ: ನರ್ಸಿಂಗ್ ಮುಗಿಸಿ ಈಗಷ್ಟೇ ಮೆಡಿಕಲ್ ವಾರ್ಡ್‌ಗೆ ಸೇರಿದ್ದೇನೆ. ಪರೀಕ್ಷೆಗೆ ಓದಿದ ಫಾರ್ಮಕಾಲಜಿ ಅರ್ಧ ಮರೆತಿದೆ. ಸರಿಯಾದ ರೋಗಿ, ಔಷಧ, ಡೋಸ್, ಕೊಡುವ ದಾರಿ, ಸಮಯ ಅಂತ ಐದು ‘ರೈಟ್’ಗಳನ್ನು ನೋಡಿಯೇ ಕೊಡುತ್ತೇನೆ. ಆದರೂ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ನರ್ಸ್‌ಗೆ ಫಾರ್ಮಕಾಲಜಿ ಎಷ್ಟು ಗೊತ್ತಿರಬೇಕು? ಡೋಸ್ ಲೆಕ್ಕದ ಭಯ ಹೋಗುವುದು ಹೇಗೆ? ಡಾಕ್ಟರ್ ಬರೆದದ್ದೇ ತಪ್ಪು ಅನ್ನಿಸಿದರೆ ಏನು ಮಾಡಬೇಕು?

ಉತ್ತರ: ನಿಮಗೆ ಅನ್ನಿಸುತ್ತಿರುವುದು ಸರಿ, ಒಂದು ಬಿಟ್ಟುಹೋಗಿದೆ. ಐದು ‘ರೈಟ್’ಗಳ ಕೆಲಸ ಇಷ್ಟೇ: ಚಾರ್ಟ್‌ನಲ್ಲಿ ಬರೆದದ್ದಕ್ಕೂ ನಿಮ್ಮ ಕೈಯಲ್ಲಿರುವುದಕ್ಕೂ ತಾಳೆ ಇದೆಯಾ ಅಂತ ನೋಡುವುದು. ಬರೆದದ್ದೇ ತಪ್ಪಿದ್ದರೆ ಅದು ಇಲ್ಲಿ ಸಿಕ್ಕಿಬೀಳುವುದಿಲ್ಲ. ಬರೆದಾಗ ಸರಿಯಿದ್ದು ಆಮೇಲೆ ರೋಗಿಯ ಸ್ಥಿತಿ ಬದಲಾಗಿದ್ದರೂ ಸಿಕ್ಕಿಬೀಳುವುದಿಲ್ಲ. ಒಂದು ಉದಾಹರಣೆ ತಗೊಳ್ಳಿ. 78 ವರ್ಷದ ಅಜ್ಜಿಗೆ ದಿನಾ ಬೆಳಗ್ಗೆ ಹೃದಯಕ್ಕೆ ಡಿಗಾಕ್ಸಿನ್ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಫ್ಯುರೋಸಮೈಡ್. ರೋಗಿ ಅವರೇ, ಮಾತ್ರೆ ಅದೇ, ಡೋಸ್ ಬರೆದಷ್ಟೇ ಇದೆ, ಬಾಯಿಗೇ ಕೊಡಬೇಕು, ಗಂಟೆ ಎಂಟು. ಐದಕ್ಕೆ ಐದೂ ಸರಿ. ಆದರೆ ಅಜ್ಜಿಗೆ ನಿನ್ನೆಯಿಂದ ವಾಕರಿಕೆ, ಊಟ ಸೇರುತ್ತಿಲ್ಲ, ನಾಡಿ 50, ಬೆಳಗಿನ ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ 2.9, ಅಂದರೆ ಕಡಿಮೆ. ಈ ಮಾತ್ರೆಯನ್ನು ತಡೆಹಿಡಿದು ಡಾಕ್ಟರ್‌ಗೆ ಫೋನ್ ಮಾಡಬೇಕು. ಯಾಕೆಂದರೆ ಫ್ಯುರೋಸಮೈಡ್ ಮೂತ್ರದಲ್ಲಿ ಪೊಟ್ಯಾಸಿಯಂ ಹೊರಗೆ ಹಾಕುತ್ತದೆ, ಪೊಟ್ಯಾಸಿಯಂ ಇಳಿದಷ್ಟೂ ಹೃದಯದ ಮೇಲೆ ಡಿಗಾಕ್ಸಿನ್ ವಿಷದ ಪರಿಣಾಮ ಏರುತ್ತದೆ. ವಾಕರಿಕೆ ಆ ವಿಷದ ಮೊದಲ ಲಕ್ಷಣಗಳಲ್ಲಿ ಒಂದು. ಕಣ್ಣಿಗೆ ಎಲ್ಲಾ ಹಳದಿಯಾಗಿ ಕಾಣುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತೀರಲ್ಲ, ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ನರ್ಸ್‌ಗೆ ಪ್ರತಿ ಔಷಧದ ಬಗ್ಗೆ ಎರಡು ವಿಷಯ ಗೊತ್ತಿದ್ದರೆ ಬಹುಪಾಲು ಕೆಲಸ ಆಯಿತು. ಕೊಡುವ ಮುಂಚೆ ಏನು ನೋಡಬೇಕು? ಕೊಟ್ಟ ಮೇಲೆ ಏನು ನೋಡಬೇಕು, ಎಷ್ಟು ಹೊತ್ತಿಗೆ ನೋಡಬೇಕು? ರಾಸಾಯನಿಕ ರಚನೆ, ಗುಂಪುಗಳ ಉದ್ದದ ಪಟ್ಟಿ ಇವೆಲ್ಲ ಪರೀಕ್ಷೆಗೆ ಇರಲಿ. ಈ ಎರಡು ಪ್ರಶ್ನೆಗೆ ಉತ್ತರ ಹೇಳಲು ಬರದಿದ್ದರೆ ಆ ಔಷಧವನ್ನು ಕೈಗೆ ತಗೊಳ್ಳುವ ಮುಂಚೆ ಎರಡು ನಿಮಿಷ ನಿಂತು ಓದಿ, ಇಲ್ಲಾಂದ್ರೆ ಫಾರ್ಮಸಿಗೆ ಕೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈಗ ಮೂಲಕ್ಕೆ ಬರೋಣ. ಔಷಧ ದೇಹಕ್ಕೆ ಹೋದ ಮೇಲೆ ನಾಲ್ಕು ಹಂತ: ರಕ್ತಕ್ಕೆ ಸೇರುವುದು, ದೇಹದಲ್ಲಿ ಹರಡುವುದು, ಲಿವರ್‌ನಲ್ಲಿ ಒಡೆಯುವುದು, ಹೆಚ್ಚಾಗಿ ಕಿಡ್ನಿಯಿಂದ ಹೊರಹೋಗುವುದು. ಇದನ್ನು ಎಲ್ಲರೂ ಓದಿರುತ್ತಾರೆ, ಆದರೆ ಒಂದೊಂದು ಹಂತದಲ್ಲೂ ನರ್ಸ್‌ಗೆ ಏನು ಕೆಲಸ ಅನ್ನುವುದನ್ನು ಯಾಕೋ ಯಾರೂ ಸರಿಯಾಗಿ ಹೇಳುವುದಿಲ್ಲ.

ರಕ್ತಕ್ಕೆ ಸೇರುವ ಹಂತ ನೋಡಿ. ಬಾಯಿಯಿಂದ ನುಂಗಿದ್ದು ಕರುಳಿನಿಂದ ನೇರ ಲಿವರ್‌ಗೆ ಹೋಗುತ್ತದೆ. ಕೆಲವು ಔಷಧಗಳನ್ನು ಲಿವರ್ ಅಲ್ಲೇ ಬಹುಪಾಲು ಒಡೆದುಹಾಕುತ್ತದೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ರೋಗಿ ಸುಮ್ನೆ ನೀರು ಕುಡಿದು ನುಂಗಿಬಿಟ್ಟರೆ ಅದು ಕೆಲಸ ಮಾಡದೇ ಹೋಗುವುದು ಇದಕ್ಕೇ. ನೋವಿಗೆ ಕೊಡುವ ಮಾರ್ಫಿನ್ ಕೂಡ ಹಾಗೆ. ಐವಿ, ಅಂದರೆ ನೇರ ರಕ್ತನಾಳಕ್ಕೆ ಕೊಟ್ಟ 10 ಮಿ.ಗ್ರಾಂ ಮಾಡುವ ಕೆಲಸಕ್ಕೆ ಬಾಯಿಗೆ ಸುಮಾರು 30 ಮಿ.ಗ್ರಾಂ ಬೇಕು. ಈಗ ಯೋಚಿಸಿ, ಬಾಯಿಯ ಡೋಸ್ ಬರೆದಿರುವ ಸಾಲಿನಲ್ಲಿ ಯಾರೋ ‘ಐವಿ’ ಅಂತ ಬದಲಾಯಿಸಿ ಸಂಖ್ಯೆ ಹಾಗೇ ಬಿಟ್ಟರೆ ಏನಾಗುತ್ತದೆ ಅಂತ. ದಾರಿ ಬದಲಾದರೆ ಡೋಸ್ ಕೂಡ ಮತ್ತೆ ನೋಡಬೇಕು.

ಮಾತ್ರೆ ಪುಡಿ ಮಾಡುವ ವಿಷಯವೂ ಇದೇ ಹಂತದ್ದು. ಮೂಗಿನ ಟ್ಯೂಬ್ ಇರುವ ರೋಗಿಗೆ ಎಲ್ಲಾ ಮಾತ್ರೆಗಳನ್ನು ಒಟ್ಟಿಗೆ ಕುಟ್ಟಿ ಹಾಕುವುದು ತುಂಬಾ ಕಡೆ ಅಭ್ಯಾಸ ಆಗಿಹೋಗಿದೆ. ನನಗೆ ಇದು ಸ್ವಲ್ಪವೂ ಇಷ್ಟ ಇಲ್ಲ. ನಿಧಾನವಾಗಿ ಬಿಡುಗಡೆ ಆಗುವ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಡೋಸ್ ಒಂದೇ ಸಲ ಒಳಗೆ ಹೋಗುತ್ತದೆ. ಬಿಪಿ ಇಳಿಸುವ ನಿಫೆಡಿಪಿನ್‌ನ ಅಂಥ ಮಾತ್ರೆಯನ್ನು ಪುಡಿ ಮಾಡಿ ಕೊಟ್ಟರೆ ಬಿಪಿ ಒಮ್ಮೆಲೇ ಕುಸಿಯುತ್ತದೆ. ಮೇಲೆ ಲೇಪ ಇರುವ, ಕರುಳಲ್ಲೇ ಕರಗಬೇಕಾದ ಮಾತ್ರೆಯನ್ನೂ ಕುಟ್ಟಬಾರದು. ಟ್ಯೂಬ್‌ನಲ್ಲಿ ಕೊಡುವಾಗ ಮೊದಲು ಅದು ಹೊಟ್ಟೆಯಲ್ಲೇ ಇದೆಯಾ ನೋಡಿ, ಒಂದೊಂದೇ ಔಷಧ ಹಾಕಿ, ನಡುವೆ ನೀರು ಹಾಕಿ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಆದರೆ ಫೀಡ್ (ಟ್ಯೂಬ್‌ನಲ್ಲಿ ಹಾಕುವ ದ್ರವ ಆಹಾರ) ಜೊತೆ ಸೇರಿ ರಕ್ತಕ್ಕೆ ಹೋಗುವುದೇ ಕಡಿಮೆಯಾಗುತ್ತದೆ, ಅದಕ್ಕೇ ಮುಂಚೆಯೂ ಆಮೇಲೂ ಫೀಡ್ ನಿಲ್ಲಿಸುವ ಪದ್ಧತಿ ಇದೆ. ನಿಮ್ಮಲ್ಲಿ ಎಷ್ಟು ಹೊತ್ತು ಅಂತ ಕೇಳಿಕೊಳ್ಳಿ.

ಹರಡುವ ಹಂತದಲ್ಲಿ ಒಂದೇ ಮಾತು ಹೇಳುತ್ತೇನೆ. ಕೆಲವು ಔಷಧಗಳು ರಕ್ತದ ಅಲ್ಬುಮಿನ್ ಅನ್ನುವ ಪ್ರೋಟೀನ್‌ಗೆ ಅಂಟಿಕೊಂಡು ಸುತ್ತುತ್ತವೆ, ಅಂಟದೆ ಉಳಿದ ಭಾಗ ಮಾತ್ರ ಕೆಲಸ ಮಾಡುತ್ತದೆ. ಫೆನಿಟೋಯಿನ್ ಸುಮಾರು 90 ಶೇಕಡಾ ಅಂಟಿಕೊಂಡಿರುತ್ತದೆ. ಅಲ್ಬುಮಿನ್ ಕಡಿಮೆ ಇರುವ, ಸೊರಗಿದ ರೋಗಿಯಲ್ಲಿ ಬಿಡಿಯಾಗಿ ಓಡಾಡುವ ಭಾಗ ಜಾಸ್ತಿ. ಲ್ಯಾಬ್ ರಿಪೋರ್ಟ್‌ನಲ್ಲಿ ಒಟ್ಟು ಲೆವೆಲ್ ಸರಿ ಅಂತ ಬಂದರೂ ರೋಗಿ ತೂರಾಡುತ್ತಾ, ಕಣ್ಣುಗುಡ್ಡೆ ಅದುರಿಸುತ್ತಾ ಇದ್ದರೆ ರಿಪೋರ್ಟ್‌ಗಿಂತ ರೋಗಿಯನ್ನು ನಂಬಿ.

ಲಿವರ್ ಅಂದರೆ ಔಷಧಗಳು ಒಂದಕ್ಕೊಂದು ಅಡ್ಡ ಬರುವ ಜಾಗ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುತ್ತಿರುವವರಿಗೆ ಮೆಟ್ರೋನಿಡಜೋಲ್ ಅನ್ನುವ ಆ್ಯಂಟಿಬಯೋಟಿಕ್ ಶುರುವಾದರೆ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಅಂತ ತೋರಿಸುವ ಅಳತೆ) ಏರುತ್ತದೆ, ರಕ್ತಸ್ರಾವದ ಅಪಾಯ. ಟಿಬಿಗೆ ಕೊಡುವ ರಿಫಾಂಪಿಸಿನ್ ಶುರುವಾದರೆ ಉಲ್ಟಾ, ವಾರ್ಫರಿನ್ ಬೇಗ ಒಡೆದುಹೋಗಿ ರಕ್ತ ಹೆಪ್ಪುಗಟ್ಟುವ ಅಪಾಯ. ಇಂಥ ಜೋಡಿಗಳನ್ನೆಲ್ಲ ನೆನಪಿಡಲು ಆಗುವುದಿಲ್ಲ. ಹೊಸ ಔಷಧ ಸೇರಿದ ದಿನ ಹಳೆ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸುವ ಅಭ್ಯಾಸ ಇದ್ದರೆ ಸಾಕು.

ಕಿಡ್ನಿ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಯಾಕೆಂದರೆ ಮೆಡಿಕಲ್ ವಾರ್ಡ್‌ನಲ್ಲಿ ವಯಸ್ಸಾದವರೇ ಜಾಸ್ತಿ. ಕಿಡ್ನಿ ಹೇಗಿದೆ ಅಂತ ನೋಡಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ವಯಸ್ಸಾದವರಲ್ಲಿ ನಾರ್ಮಲ್ ಅಂತ ಕಂಡರೆ ನೆಮ್ಮದಿ ಪಡಬೇಡಿ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. 40 ಕೆಜಿಯ ಅಜ್ಜಿಯಲ್ಲಿ ಮಾಂಸಖಂಡವೇ ಕಡಿಮೆ, ಹಾಗಾಗಿ ಕಿಡ್ನಿ ಅರ್ಧ ಕೆಲಸ ನಿಲ್ಲಿಸಿದ್ದರೂ ಸಂಖ್ಯೆ ಚೆನ್ನಾಗಿಯೇ ಕಾಣಬಹುದು. ಆ್ಯಂಟಿಬಯೋಟಿಕ್ ಆದ ಜೆಂಟಾಮೈಸಿನ್, ಡಿಗಾಕ್ಸಿನ್, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್‌ನ ಹೊಸ ಬಗೆಯ ಇಂಜೆಕ್ಷನ್‌ಗಳಲ್ಲಿ ಎನೋಕ್ಸಪರಿನ್, ಇವೆಲ್ಲ ಕಿಡ್ನಿಯಿಂದಲೇ ಹೊರಹೋಗಬೇಕು. ಮಾರ್ಫಿನ್ ಒಡೆದಾಗ ಹುಟ್ಟುವ ವಸ್ತುವೂ ಕಿಡ್ನಿ ಕೆಟ್ಟವರಲ್ಲಿ ಕೂಡಿಕೊಳ್ಳುತ್ತದೆ. ಎರಡು ದಿನ ಚೆನ್ನಾಗಿದ್ದ ರೋಗಿ ಮೂರನೇ ದಿನ ತೂಕಡಿಸುತ್ತಾ ಮಾತಾಡದೆ ಇದ್ದರೆ ‘ರಾತ್ರಿ ನಿದ್ದೆ ಇರಲಿಲ್ಲ ಪಾಪ’ ಅಂತ ಬಿಡಬಾರದು. ಇಲ್ಲಿ ನಿಮ್ಮ ಕೈಲಿರುವ ದೊಡ್ಡ ಸಾಧನ ಮೂತ್ರದ ಲೆಕ್ಕ. ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಅನ್ನು ಅಂದಾಜಿನಲ್ಲಿ ತುಂಬುವವರನ್ನು ನೋಡಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನೊಂದು ಉಪಯೋಗಕ್ಕೆ ಬರುವ ವಿಷಯ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯ. ಒಂದೇ ಡೋಸ್ ಕೊಡುತ್ತಾ ಹೋದರೆ ಲೆವೆಲ್ ಒಂದು ಮಟ್ಟಕ್ಕೆ ನಿಲ್ಲಲು ನಾಲ್ಕೈದು ಅರ್ಧಾಯುಷ್ಯ ಬೇಕು. ನಿಲ್ಲಿಸಿದ ಮೇಲೆ ಪೂರ್ತಿ ಹೋಗಲಿಕ್ಕೂ ಅಷ್ಟೇ. ಡಿಗಾಕ್ಸಿನ್‌ದು ಕಿಡ್ನಿ ಸರಿಯಿದ್ದವರಲ್ಲೇ 36ರಿಂದ 48 ಗಂಟೆ. ಅಂದರೆ ಇವತ್ತು ತಡೆಹಿಡಿದರೆ ನಾಳೆಗೆ ಸರಿಹೋಗುವುದಿಲ್ಲ, ದಿನಗಟ್ಟಲೆ ನಾಡಿ ನೋಡುತ್ತಿರಬೇಕು. ಇದರ ಇನ್ನೊಂದು ತುದಿ ನಲೋಕ್ಸೋನ್. ಮಾರ್ಫಿನ್ ಜಾಸ್ತಿಯಾಗಿ ಉಸಿರು ನಿಧಾನವಾದವರಿಗೆ ಕೊಟ್ಟ ತಕ್ಷಣ ಎದ್ದು ಕೂರುತ್ತಾರೆ, ಎಲ್ಲರಿಗೂ ಖುಷಿ. ಆದರೆ ಅದರ ಅರ್ಧಾಯುಷ್ಯ ಒಂದು ಗಂಟೆಯ ಆಸುಪಾಸು, ಮಾರ್ಫಿನ್ ಪರಿಣಾಮ ಅದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ನಲೋಕ್ಸೋನ್ ಇಳಿದ ಮೇಲೆ ರೋಗಿ ಮತ್ತೆ ಮುಳುಗಬಹುದು. ಎದ್ದರು ಅಂತ ಮಾನಿಟರ್ ತೆಗೆದುಬಿಡಬಾರದು.

ಔಷಧ ದೇಹದ ಮೇಲೆ ಏನು ಮಾಡುತ್ತದೆ ಅನ್ನುವ ಕಡೆ ಜಾಸ್ತಿ ಹೋಗುವುದಿಲ್ಲ. ಒಂದು ಜೋಡಿ ನೆನಪಿಟ್ಟುಕೊಳ್ಳಿ: ಸಾಲ್ಬುಟಮಾಲ್ ಶ್ವಾಸನಾಳದ ಬೀಟಾ ಗ್ರಾಹಕವನ್ನು ಚಾಲೂ ಮಾಡಿ ನಾಳ ಅಗಲಿಸುತ್ತದೆ, ಪ್ರೊಪ್ರನೊಲಾಲ್ ಅದೇ ಗ್ರಾಹಕವನ್ನು ಮುಚ್ಚುತ್ತದೆ. ಅಸ್ತಮಾ ಇರುವವರ ಚಾರ್ಟ್‌ನಲ್ಲಿ ಪ್ರೊಪ್ರನೊಲಾಲ್ ಕಂಡರೆ ಕೇಳಲೇಬೇಕು. ಸಕ್ಕರೆ ಕಾಯಿಲೆ ಇರುವವರು ಪ್ರೊಪ್ರನೊಲಾಲ್ ತರಹದ ಬೀಟಾ ಬ್ಲಾಕರ್ ತಗೊಳ್ಳುತ್ತಿದ್ದರೆ ಶುಗರ್ ಇಳಿದಾಗ ಎದೆ ಡವಡವ ಅನ್ನುವುದು ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಬೆವರುತ್ತಿದ್ದಾರೆ ಅಂದರೆ ಮೊದಲು ಗ್ಲೂಕೋಮೀಟರ್ ತನ್ನಿ.

ಈಗ ಹೈ ಅಲರ್ಟ್ ಔಷಧಗಳು. ಇವುಗಳಲ್ಲಿ ತಪ್ಪು ಆಗುವುದು ಬೇರೆಯವುಗಳಿಗಿಂತ ಜಾಸ್ತಿ ಅಂತೇನಲ್ಲ, ಆದರೆ ತಪ್ಪು ಆಯಿತು ಅಂದರೆ ಜೀವಕ್ಕೇ ಕುತ್ತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಹಾನಿಯಿಲ್ಲದ ಔಷಧ’ ಅನ್ನುವ ಜಾಗತಿಕ ಕಾರ್ಯಕ್ರಮ ಶುರು ಮಾಡಿ, ಔಷಧದಿಂದ ಆಗುವ ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತ್ತು. ಅದರಲ್ಲೂ ಈ ಔಷಧಗಳಿಗೆ ಒತ್ತು ಇತ್ತು.

ಪೊಟ್ಯಾಸಿಯಂ ಕ್ಲೋರೈಡ್ ಮೊದಲನೆಯದು. 15 ಶೇಕಡಾದ 10 ಮಿ.ಲೀ ಆಂಪೂಲ್‌ನಲ್ಲಿ 20 ಮಿಲಿಮೋಲ್ ಇರುತ್ತದೆ. ನೋಡಲು ಡಿಸ್ಟಿಲ್ಡ್ ವಾಟರ್ ತರಹವೇ. ಅದನ್ನು ನೇರವಾಗಿ ಐವಿ ತಳ್ಳಿದರೆ ಹೃದಯ ನಿಲ್ಲುತ್ತದೆ, ಇಷ್ಟು ಸರಳ. ಹಾಗಾಗಿಯೇ ಅದನ್ನು ವಾರ್ಡ್‌ನ ಸಾಮಾನ್ಯ ಟ್ರೇಯಲ್ಲಿ ಇಡಲೇಬಾರದು. ಡ್ರಿಪ್‌ಗೆ ಸೇರಿಸುವಾಗ ಇನ್ನೊಂದು ಅಪಾಯ ಇದೆ, ಇದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಈಗಾಗಲೇ ನೇತುಹಾಕಿರುವ ಬಾಟಲಿಗೆ ಕೆಳಗಿನಿಂದ ಚುಚ್ಚಿ ಹಾಕಿದರೆ ಅದು ಬೆರೆಯದೆ ಕೆಳಗೇ ಕೂರುತ್ತದೆ, ಮೊದಲ ಸ್ವಲ್ಪ ನಿಮಿಷದಲ್ಲೇ ಗಟ್ಟಿ ಪೊಟ್ಯಾಸಿಯಂ ರೋಗಿಗೆ ಹೋಗುತ್ತದೆ. ಬಾಟಲಿ ಕೆಳಗಿಳಿಸಿ, ಸೇರಿಸಿ, ಹಲವು ಸಲ ಮೇಲೆ ಕೆಳಗೆ ಮಾಡಿ, ಲೇಬಲ್ ಹಾಕಿ, ಆಮೇಲೆ ನೇತುಹಾಕಿ. ಸಾಮಾನ್ಯ ಕೈಯ ಲೈನ್‌ನಲ್ಲಿ ವಯಸ್ಕರಿಗೆ ಗಂಟೆಗೆ 10 ಮಿಲಿಮೋಲ್ ಅನ್ನುವುದು ಸಾಮಾನ್ಯ ಮಿತಿ. ಕೊಡುವ ಮುಂಚೆ ಮೂತ್ರ ಬರುತ್ತಿದೆಯಾ ನೋಡಿ. ಬರದವರಿಗೆ ಪೊಟ್ಯಾಸಿಯಂ ಹೋಗುತ್ತಿದ್ದರೆ ಅದು ಹೊರಬರಲು ದಾರಿಯೇ ಇಲ್ಲ, ಅಲ್ವಾ.

ಇನ್ಸುಲಿನ್ ಎರಡನೆಯದು. ಕೆಲವು ಕಡೆ ಮಿ.ಲೀಗೆ 40 ಯೂನಿಟ್‌ನ ವಯಲ್, ಕೆಲವು ಕಡೆ 100 ಯೂನಿಟ್‌ದು, ಎರಡೂ ಒಟ್ಟಿಗೆ ಇರುವ ಕಡೆ ತಲೆನೋವು. ಸಿರಿಂಜ್ ಕೂಡ ಎರಡು ಬಗೆ. 20 ಯೂನಿಟ್ ಕೊಡಬೇಕು ಅಂದುಕೊಳ್ಳಿ. 100ರ ವಯಲ್‌ನಿಂದ 40ರ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಅರ್ಧ ಮಿ.ಲೀ ಬಂತು, ಅದರಲ್ಲಿರುವುದು 50 ಯೂನಿಟ್. ಎರಡೂವರೆ ಪಟ್ಟು. ಉಲ್ಟಾ ಮಾಡಿದರೆ 8 ಯೂನಿಟ್ ಮಾತ್ರ ಹೋಗುತ್ತದೆ. ವಯಲ್ ಮೇಲಿನ ಸಂಖ್ಯೆ ಮತ್ತು ಸಿರಿಂಜ್ ಮೇಲಿನ ಸಂಖ್ಯೆ ಎರಡನ್ನೂ ಪ್ರತಿ ಸಲ ಬಾಯಿಬಿಟ್ಟು ಓದಿ. ಇನ್ಸುಲಿನ್ ಅನ್ನು ಇನ್ಸುಲಿನ್ ಸಿರಿಂಜ್ ಬಿಟ್ಟು ಬೇರೆಯದರಲ್ಲಿ ಎಳೆಯಬೇಡಿ. ಇನ್ನು ಸಮಯ. ಆಸ್ಪಾರ್ಟ್, ಲಿಸ್ಪ್ರೋ ತರಹದವು ಹತ್ತು ಹದಿನೈದು ನಿಮಿಷದಲ್ಲಿ ಕೆಲಸ ಶುರು ಮಾಡುತ್ತವೆ, ರೆಗ್ಯುಲರ್ ಸುಮಾರು ಅರ್ಧ ಗಂಟೆಗೆ. ಊಟದ ತಟ್ಟೆ ಕಣ್ಣಿಗೆ ಕಾಣುವವರೆಗೆ ಮೊದಲನೆಯದನ್ನು ಚುಚ್ಚಬೇಡಿ, ರೋಗಿ ತಿನ್ನುವ ಸ್ಥಿತಿಯಲ್ಲಿ ಇದ್ದಾರಾ ಅಂತಲೂ ನೋಡಿ. ಸ್ಕ್ಯಾನಿಂಗ್‌ಗೆ ಅಂತ ಉಪವಾಸ ಇಟ್ಟಿರುವುದು ಚಾರ್ಟ್‌ನ ಇನ್ಸುಲಿನ್ ಸಾಲಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರಬೇಕು. ಇಡೀ ದಿನ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ ಅನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜ್‌ನಲ್ಲಿ ಬೆರೆಸುವ ಹಾಗಿಲ್ಲ.

ಹೆಪಾರಿನ್‌ನಲ್ಲಿ ಮಿ.ಲೀಗೆ 1000 ಯೂನಿಟ್ ಇರುವ 5 ಮಿ.ಲೀ ವಯಲ್ ಇದೆ, 5000 ಯೂನಿಟ್ ಇರುವ 5 ಮಿ.ಲೀ ವಯಲ್ ಕೂಡ ಇದೆ. ಅಳತೆ ಒಂದೇ, ಶಕ್ತಿ ಐದು ಪಟ್ಟು. ಮಾರ್ಫಿನ್ ತರಹದವುಗಳಲ್ಲಿ ಉಸಿರಿನ ಎಣಿಕೆ ಒಂದನ್ನೇ ನಂಬಬೇಡಿ, ಮಂಪರು ಮೊದಲು ಬರುತ್ತದೆ, ಉಸಿರು ಆಮೇಲೆ ಇಳಿಯುತ್ತದೆ. ಮೆಥೋಟ್ರೆಕ್ಸೇಟ್ ಮಾತ್ರೆ ಕೀಲುವಾತಕ್ಕೆ ಬರೆದಿದ್ದರೆ ಅದು ವಾರಕ್ಕೆ ಒಂದು ಸಲ. ದಿನಾ ಅಂತ ಬರೆದಿದ್ದರೆ ಕೊಡದೆ ಕೇಳಿ, ದಿನಾ ಕೊಟ್ಟು ಜೀವ ಹೋದ ಪ್ರಕರಣಗಳಿವೆ. ಅಡ್ರಿನಲಿನ್ ಆಂಪೂಲ್‌ನಲ್ಲಿ ಮಿ.ಲೀಗೆ 1 ಮಿ.ಗ್ರಾಂ. ತೀವ್ರ ಅಲರ್ಜಿಗೆ ವಯಸ್ಕರಿಗೆ ಅದರಲ್ಲಿ ಅರ್ಧ ಮಿ.ಲೀ, ತೊಡೆಯ ಹೊರಭಾಗದ ಸ್ನಾಯುವಿಗೆ. ಗಾಬರಿಯಲ್ಲಿ ಅದನ್ನೇ ಐವಿ ತಳ್ಳಿಬಿಡುವುದು ಆಗಬಾರದು.

ಲೆಕ್ಕದ ಭಯಕ್ಕೆ ಬರೋಣ. ಸೂತ್ರ ಒಂದೇ: ಬೇಕಾದದ್ದನ್ನು ಇರುವುದರಿಂದ ಭಾಗಿಸಿ, ಅದು ಎಷ್ಟು ಮಿ.ಲೀಯಲ್ಲಿ ಇದೆಯೋ ಅದರಿಂದ ಗುಣಿಸಿ. ಜೆಂಟಾಮೈಸಿನ್ 60 ಮಿ.ಗ್ರಾಂ ಬೇಕು, ಆಂಪೂಲ್ 2 ಮಿ.ಲೀಯಲ್ಲಿ 80. ಅಂದರೆ 1.5 ಮಿ.ಲೀ. ಆದರೆ ಸೂತ್ರಕ್ಕೆ ಹೋಗುವ ಮುಂಚೆ ಒಂದು ಅಂದಾಜು ಮಾಡಿ. 60 ಅಂದರೆ 80ಕ್ಕಿಂತ ಕಡಿಮೆ, ಹಾಗಾದರೆ ಒಂದು ಆಂಪೂಲ್‌ಗಿಂತ ಕಡಿಮೆ ಬರಬೇಕು. ಕ್ಯಾಲ್ಕುಲೇಟರ್ 15 ಅಂತ ತೋರಿಸಿದರೆ ಬಿಂದು ಎಲ್ಲೋ ಜಾರಿದೆ ಅಂತ ಆಗಲೇ ಗೊತ್ತಾಗುತ್ತದೆ. ಒಂದು ಡೋಸ್‌ಗೆ ನಾಲ್ಕೈದು ಆಂಪೂಲ್ ಒಡೆಯಬೇಕಾಗಿ ಬಂದರೆ, ಅಥವಾ ಒಂದು ಮಾತ್ರೆಯ ಹತ್ತನೇ ಒಂದು ಭಾಗ ಅಂತ ಬಂದರೆ ಅಲ್ಲೇ ನಿಲ್ಲಿ. ಔಷಧ ತಯಾರಿಸುವವರು ಸಾಮಾನ್ಯವಾಗಿ ಒಂದು ಸಲದ ಡೋಸ್‌ಗೆ ಹೊಂದುವ ಹಾಗೇ ಪ್ಯಾಕ್ ಮಾಡಿರುತ್ತಾರೆ.

ಡ್ರಿಪ್‌ಗೆ ಸುಲಭ ದಾರಿ ಇದೆ. ಗಂಟೆಗೆ ಎಷ್ಟು ಮಿ.ಲೀ ಅಂತ ಮೊದಲು ತೆಗೆಯಿರಿ. ಮಿ.ಲೀಗೆ 20 ಹನಿಯ ಸೆಟ್ ಆದರೆ ಅದನ್ನು ಮೂರರಿಂದ ಭಾಗಿಸಿ, 15 ಹನಿಯದಾದರೆ ನಾಲ್ಕರಿಂದ, 60 ಹನಿಯ ಮೈಕ್ರೋ ಸೆಟ್ ಆದರೆ ಭಾಗಿಸುವುದೇ ಬೇಡ. 500 ಮಿ.ಲೀ ನಾಲ್ಕು ಗಂಟೆಯಲ್ಲಿ ಹೋಗಬೇಕು, ಗಂಟೆಗೆ 125, 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಬಿಪಿ ಏರಿಸಲು ಕೊಡುವ ಡೋಪಮಿನ್ ತರಹದ್ದರ ಲೆಕ್ಕ ಉದ್ದ ಅನ್ನಿಸುತ್ತದೆ, ಆದರೆ ಒಂದೊಂದೇ ಮೆಟ್ಟಿಲು ಇಳಿದರೆ ಅದೂ ಅಷ್ಟೇ. 250 ಮಿ.ಲೀಯಲ್ಲಿ 400 ಮಿ.ಗ್ರಾಂ ಇದೆ, ಅಂದರೆ ಮಿ.ಲೀಗೆ 1.6. ರೋಗಿ 60 ಕೆಜಿ, ಕೆಜಿಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ ಬೇಕು. ನಿಮಿಷಕ್ಕೆ 300 ಮೈಕ್ರೋಗ್ರಾಂ, ಗಂಟೆಗೆ 18 ಮಿ.ಗ್ರಾಂ, 1.6ರಿಂದ ಭಾಗಿಸಿದರೆ ಗಂಟೆಗೆ 11.25 ಮಿ.ಲೀ. ಇಂಥದ್ದನ್ನು ಇನ್ನೊಬ್ಬರಿಂದ ಪರೀಕ್ಷೆ ಮಾಡಿಸುವಾಗ ನಿಮ್ಮ ಉತ್ತರ ತೋರಿಸಬೇಡಿ. ‘ಹನ್ನೊಂದು ಪಾಯಿಂಟ್ ಎರಡು ಐದು ಬಂತು, ಸರಿ ತಾನೇ?’ ಅಂತ ಕೇಳಿದರೆ ಸುಸ್ತಾಗಿರುವ ಯಾರೇ ಆದರೂ ಹೂಂ ಅನ್ನುತ್ತಾರೆ. ಅವರು ಬೇರೆಯಾಗಿ ಲೆಕ್ಕ ಮಾಡಲಿ, ಆಮೇಲೆ ಎರಡನ್ನೂ ಹೋಲಿಸಿ.

ಮಕ್ಕಳಿಗೆ ಕೊಡುವಾಗ ತೂಕ ಇಲ್ಲದೆ ಡೋಸ್ ಇಲ್ಲ. 12 ಕೆಜಿ ಮಗುವಿಗೆ ಪ್ಯಾರಸಿಟಮಾಲ್ ಕೆಜಿಗೆ 15ರ ಲೆಕ್ಕದಲ್ಲಿ 180 ಮಿ.ಗ್ರಾಂ. 5 ಮಿ.ಲೀಗೆ 120 ಇರುವ ಸಿರಪ್ ಆದರೆ 7.5 ಮಿ.ಲೀ, 250 ಇರುವುದಾದರೆ 3.6, ಮಿ.ಲೀಗೆ 100 ಇರುವ ಡ್ರಾಪ್ಸ್ ಆದರೆ 1.8 ಮಾತ್ರ. ‘ಏಳೂವರೆ ಎಂ.ಎಲ್ ಕೊಡಿ’ ಅಂತ ತಾಯಿಗೆ ಹೇಳಿ ಕಳಿಸಿ, ಮನೆಯಲ್ಲಿ ಡ್ರಾಪ್ಸ್ ಬಾಟಲಿ ಇದ್ದರೆ ಹೋಗುವುದು 750 ಮಿ.ಗ್ರಾಂ. ಬಾಟಲಿ ಕೈಯಲ್ಲಿ ಹಿಡಿದೇ ಹೇಳಿ.

ಎಷ್ಟು ವೇಗವಾಗಿ ಕೊಡುತ್ತೀರಿ ಅನ್ನುವುದೂ ಡೋಸ್‌ನಷ್ಟೇ ಮುಖ್ಯ. ವ್ಯಾಂಕೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ನಿಮಿಷಕ್ಕೆ 10 ಮಿ.ಗ್ರಾಂಗಿಂತ ಜೋರಾಗಿ ಹೋಗಬಾರದು, 1 ಗ್ರಾಂಗೆ ಒಂದೂವರೆ ಗಂಟೆಗೂ ಮೇಲೆ ಬೇಕು. ಬೇಗ ಓಡಿಸಿದರೆ ಮುಖ, ಕತ್ತು ಕೆಂಪಾಗಿ ತುರಿಕೆ, ಬಿಪಿ ಇಳಿತ. ಫೆನಿಟೋಯಿನ್ ಐವಿ ವಯಸ್ಕರಿಗೆ ನಿಮಿಷಕ್ಕೆ 50 ಮಿ.ಗ್ರಾಂ ಮೀರಬಾರದು, ನಾರ್ಮಲ್ ಸಲೈನ್‌ನಲ್ಲಿ ಮಾತ್ರ. ಡೆಕ್ಸ್‌ಟ್ರೋಸ್‌ಗೆ ಹಾಕಿದರೆ ಹರಳುಗಟ್ಟುತ್ತದೆ. ಆ್ಯಂಟಿಬಯೋಟಿಕ್ ಆದ ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಕೂಡ ಒಂದೇ ಲೈನ್‌ನಲ್ಲಿ ಸೇರಬಾರದು, ರಿಂಗರ್ ಲ್ಯಾಕ್ಟೇಟ್ ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಇದೆ ಅನ್ನುವುದು ಮರೆತುಹೋಗುತ್ತದೆ.

ವಾರ್ಡ್‌ನ ಅಭ್ಯಾಸಗಳು ಒಂದಿಷ್ಟು. ‘ನೀವು ಇಂಥವರಲ್ವಾ?’ ಅಂತ ಕೇಳಬೇಡಿ, ಕಿವಿ ಕೇಳದವರೂ ಮಂಪರಿನಲ್ಲಿರುವವರೂ ತಲೆಯಾಡಿಸುತ್ತಾರೆ. ‘ನಿಮ್ಮ ಹೆಸರು ಹೇಳಿ’ ಅನ್ನಿ, ಜೊತೆಗೆ ಆಸ್ಪತ್ರೆ ನಂಬರ್ ಅಥವಾ ಹುಟ್ಟಿದ ದಿನಾಂಕ ನೋಡಿ. ಬೆಡ್ ನಂಬರ್ ಗುರುತಲ್ಲ, ರೋಗಿಗಳು ಬೆಡ್ ಬದಲಾಯಿಸುತ್ತಾರೆ. ಅಲರ್ಜಿ ಕೇಳುವಾಗ ಬ್ರ್ಯಾಂಡ್ ಹೆಸರಿನ ಹಿಂದೆ ಏನಿದೆ ಅಂತ ನೋಡಿ. ಪೈಪರಾಸಿಲಿನ್ ಟಾಜೋಬ್ಯಾಕ್ಟಮ್, ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಎರಡೂ ಪೆನಿಸಿಲಿನ್ ಕುಟುಂಬವೇ. ಪ್ಯಾರಸಿಟಮಾಲ್ ಕೂಡ ಬೇರೆ ಬೇರೆ ಹೆಸರಿನಲ್ಲಿ ಅಡಗಿರುತ್ತದೆ. ಐವಿ ಒಂದು ಕಡೆ, ನೋವಿನ ಕಾಂಬಿನೇಷನ್ ಮಾತ್ರೆ ಇನ್ನೊಂದು ಕಡೆ, ಜ್ವರಕ್ಕೆ ಬೇಕಾದಾಗ ಅಂತ ಮತ್ತೊಂದು. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮಿತಿ ಗೊತ್ತಾಗದೆ ದಾಟುತ್ತದೆ.

ಇನ್ನೊಬ್ಬರು ಎಳೆದಿಟ್ಟ ಸಿರಿಂಜ್ ಕೊಡಬೇಡಿ. ಲೇಬಲ್ ಇಲ್ಲದ ಸಿರಿಂಜ್ ಎಸೆಯಿರಿ, ನೀವೇ ಎಳೆದದ್ದಾದರೂ ಸರಿ. ಬರೆಯುವಾಗ 5.0 ಅಂತ ಬರೆಯಬೇಡಿ, 50 ಅಂತ ಓದುತ್ತಾರೆ. ಒಂದಕ್ಕಿಂತ ಕಡಿಮೆ ಇದ್ದರೆ ಬಿಂದುವಿಗೆ ಮೊದಲು ಸೊನ್ನೆ ಬರೆಯಲೇಬೇಕು, .5 ಅಲ್ಲ, 0.5. ಯೂನಿಟ್ ಅನ್ನುವುದನ್ನು ಒಂದಕ್ಷರಕ್ಕೆ ಮೊಟಕು ಮಾಡಬೇಡಿ, ಅದು ಸೊನ್ನೆ ತರಹ ಕಾಣುತ್ತದೆ. ಫೋನ್‌ನಲ್ಲಿ ಆರ್ಡರ್ ಬಂದರೆ ಬರೆದುಕೊಂಡು ಓದಿ ಹೇಳಿ, ಅಂಕಿಗಳನ್ನು ಬಿಡಿಬಿಡಿಯಾಗಿ. ಕೊಟ್ಟ ಮೇಲೆ ಸಹಿ ಮಾಡಿ, ಕೊಡುವ ಮುಂಚೆ ಅಲ್ಲ. ಔಷಧ ತಯಾರು ಮಾಡುವಾಗ ಯಾರಾದರೂ ಮಾತಾಡಿಸಿದರೆ ‘ಒಂದು ನಿಮಿಷ’ ಅನ್ನುವುದು ಅಹಂಕಾರ ಆಗುವುದಿಲ್ಲ. ನಡುವೆ ಬಿಟ್ಟುಹೋಗಬೇಕಾಗಿ ಬಂದರೆ ವಾಪಸ್ ಬಂದು ಮೊದಲಿನಿಂದ ಶುರು ಮಾಡಿ.

ಕೊನೆಯ ಪ್ರಶ್ನೆ, ಆರ್ಡರ್ ತಪ್ಪು ಅನ್ನಿಸಿದರೆ. ಕೇಳುವ ಹಕ್ಕು ನಿಮಗಿದೆ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಕೇಳುವುದು ಅಂತ ಹೇಳುವುದಿಲ್ಲ. ‘ಸರ್, ಈ ಡೋಸ್ ಸರಿನಾ?’ ಅಂತ ಕೇಳಿದರೆ ‘ಹೌದು ಸಿಸ್ಟರ್, ಕೊಡಿ’ ಅಂತ ಬರುತ್ತದೆ. ಅದರ ಬದಲು ಸಂಖ್ಯೆ ಇಟ್ಟು ಮಾತಾಡಿ: ‘ಡಿಗಾಕ್ಸಿನ್ ಡ್ಯೂ ಇದೆ ಸರ್, ನಾಡಿ ಒಂದು ನಿಮಿಷ ಎಣಿಸಿದ್ದೇನೆ, 50 ಇದೆ. ಪೊಟ್ಯಾಸಿಯಂ 2.9, ನಿನ್ನೆಯಿಂದ ವಾಕರಿಕೆ. ಈ ಡೋಸ್ ತಡೆಹಿಡಿದಿದ್ದೇನೆ, ಬಂದು ನೋಡುತ್ತೀರಾ? ಇಸಿಜಿ ತೆಗೆದಿಡಲಾ?’ ಇದಕ್ಕೆ ‘ಸುಮ್ನೆ ಕೊಡಿ’ ಅನ್ನುವ ಡಾಕ್ಟರ್ ಕಡಿಮೆ. ಅಂಥವರು ಸಿಕ್ಕರೆ ವಾರ್ಡ್ ಇನ್‌ಚಾರ್ಜ್‌ಗೆ ಹೇಳಿ, ಫಾರ್ಮಸಿಸ್ಟ್‌ಗೆ ಹೇಳಿ, ಅವರ ಮೇಲಿನ ಡಾಕ್ಟರ್‌ಗೆ ಹೇಳಿ. ಯಾರೂ ಸಿಗದಿದ್ದರೂ ನಿಮಗೆ ಅಪಾಯ ಅಂತ ಖಚಿತವಾಗಿ ಗೊತ್ತಿರುವ ಔಷಧವನ್ನು ನಿಮ್ಮ ಕೈಯಿಂದ ಕೊಡಬೇಡಿ. ‘ಆರ್ಡರ್ ಇತ್ತು’ ಅನ್ನುವ ಕಾರಣಕ್ಕೆ ಕೊಟ್ಟವರ ಜವಾಬ್ದಾರಿ ತಪ್ಪುವುದಿಲ್ಲ.

ಅಕಸ್ಮಾತ್ ತಪ್ಪು ಔಷಧ ಹೋಗಿಯೇ ಬಿಟ್ಟರೆ ಚಾರ್ಟ್ ಆಮೇಲೆ, ಮೊದಲು ರೋಗಿಯ ಹತ್ತಿರ ಹೋಗಿ. ಡ್ರಿಪ್ ಓಡುತ್ತಿದ್ದರೆ ನಿಲ್ಲಿಸಿ, ರಕ್ತನಾಳದಲ್ಲಿರುವ ಕ್ಯಾನುಲಾ ತೆಗೆಯಬೇಡಿ, ತಪ್ಪು ಔಷಧಕ್ಕೆ ಪ್ರತಿಮದ್ದು ಕೊಡಲು ಅದೇ ಬೇಕಾಗಬಹುದು. ನಾಡಿ, ಬಿಪಿ, ಉಸಿರು, ಪ್ರಜ್ಞೆ ನೋಡಿ, ಡಾಕ್ಟರ್‌ನ ಕರೆಯಿರಿ, ಖಾಲಿ ಆಂಪೂಲ್ ಎತ್ತಿಡಿ. ಕೇಸ್ ಶೀಟ್‌ನಲ್ಲಿ ಏನು ಹೋಯಿತು, ಎಷ್ಟು, ಎಷ್ಟು ಗಂಟೆಗೆ, ರೋಗಿ ಹೇಗಿದ್ದರು, ಯಾರಿಗೆ ತಿಳಿಸಿದಿರಿ ಅಂತ ಬರೆಯಿರಿ. ಯಾರದ್ದು ತಪ್ಪು ಅನ್ನುವ ಚರ್ಚೆ ಅಲ್ಲಿ ಬೇಡ, ಅದಕ್ಕೆ ಇನ್ಸಿಡೆಂಟ್ ಫಾರ್ಮ್ ಬೇರೆ ಇರುತ್ತದೆ. ಡೋಸ್ ತಡೆಹಿಡಿದಾಗಲೂ ಅಷ್ಟೇ, ಚಾರ್ಟ್‌ನಲ್ಲಿ ಆ ಚೌಕವನ್ನು ಖಾಲಿ ಬಿಡಬೇಡಿ. ಖಾಲಿ ಇದ್ದರೆ ಮುಂದಿನ ಶಿಫ್ಟ್‌ನವರು ಮರೆತಿದ್ದೀರಿ ಅಂದುಕೊಂಡು ಅದೇ ಮಾತ್ರೆಯನ್ನು ಕೊಟ್ಟುಬಿಡುತ್ತಾರೆ.